ನಡಿಗೆ ಕಲೆ

ನಡಿಗೆಯನ್ನೇ ಕೃತಿಯೆಂದು ಪರಿಗಣಿಸುವ ಆಧುನಿಕ ಕಲಾಪ್ರಕಾರ. ಕಲಾವಿದ ಎಲ್ಲಿ, ಎಷ್ಟು ದಿನ, ಯಾವ ನಿಯಮಕ್ಕೆ ಕಟ್ಟುಬಿದ್ದು ನಡೆದ ಎಂಬುದೇ ಇಲ್ಲಿ ಕೃತಿಯ ರೂಪ. ನೋಡುಗರಿಗೆ ದಕ್ಕುವುದು ಹೆಚ್ಚೆಂದರೆ ಒಂದು ಛಾಯಾಚಿತ್ರ, ಒಂದು ನಕ್ಷೆ ಅಥವಾ ನಾಲ್ಕಾರು ಪದಗಳ ಬರಹ. 1921ರ ಏಪ್ರಿಲ್ 14ರಂದು ಪ್ಯಾರಿಸ್ಸಿನ ದಾದಾ ಪಂಥದವರು ಸೇಂಟ್ ಜೂಲಿಯನ್ ಲೆ ಪಾವ್ರ್ ಚರ್ಚಿನ ಅಂಗಳಕ್ಕೆ ಏರ್ಪಡಿಸಿದ ಸುತ್ತಾಟ, 1950ರ ದಶಕದಲ್ಲಿ ಫ್ರೆಂಚ್ ಚಿಂತಕ ಗೀ ದೆಬೋರ್ ಮತ್ತು ಸಂಗಡಿಗರು ಅದೇ ನಗರದಲ್ಲಿ ರೂಢಿಸಿಕೊಂಡ ಗೊತ್ತುಗುರಿಯಿಲ್ಲದ ಅಲೆದಾಟ ಇದರ ಪೂರ್ವರೂಪಗಳು. ಆದರೆ ಈ ಕಲೆಗೆ ತನ್ನದೇ ನೆಲೆ ಸಿಕ್ಕಿದ್ದು ಇಂಗ್ಲೆಂಡಿನ ಬಯಲಿನಲ್ಲಿ.

1967ರಲ್ಲಿ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಲಾಂಗ್ (ಜ. 1945) ವಿಲ್ಟ್‌ಷೈರ್ ಸೀಮೆಯ ಒಂದು ಹುಲ್ಲುಬಯಲಿನಲ್ಲಿ ನೇರವಾಗಿ ಹಿಂದಕ್ಕೂ ಮುಂದಕ್ಕೂ ನಡೆದ. ತುಳಿತಕ್ಕೆ ಹುಲ್ಲು ಮಲಗಿ, ಬಿಸಿಲಿನಲ್ಲಿ ಗೆರೆಯಾಗಿ ಕಂಡಿತು. ಅದರ ಕಪ್ಪು ಬಿಳುಪು ಚಿತ್ರವೇ ‘ಎ ಲೈನ್ ಮೇಡ್ ಬೈ ವಾಕಿಂಗ್’. ಜನ ಓಡಾಡಿ ಕಾಲುದಾರಿ ಬೀಳುವುದು ಎಲ್ಲ ಊರಿನಲ್ಲೂ ಇದ್ದದ್ದೇ; ಅಂಥ ದಾರಿಗೆ ಬಾವಿಯೋ ಹೊಲವೋ ಒಂದು ಕೊನೆಯಿರುತ್ತದೆ. ಲಾಂಗ್ ಮೂಡಿಸಿದ ಗೆರೆ ಎಲ್ಲಿಗೂ ಹೋಗುವುದಿಲ್ಲ. ಕಲ್ಲು ಕಡೆಯದೆ, ಲೋಹ ಎರೆಯದೆ, ಬರಿಯ ಮೈಭಾರದಿಂದ ಶಿಲ್ಪ ಸಾಧ್ಯವೆಂದು ತೋರಿದ್ದು ಅದರ ಹಿರಿಮೆ. ಮುಂದೆ ಈತ 1975ರಲ್ಲಿ ಹಿಮಾಲಯದಲ್ಲಿ ಕಲ್ಲುಗಳನ್ನು ಸಾಲುಗೂಡಿಸಿದ. ತನ್ನೂರು ಬ್ರಿಸ್ಟಲ್‌ನಲ್ಲಿ ಹರಿಯುವ ಏವನ್ ನದಿಯ ಕೆಸರನ್ನು ಅಂಗೈಯಿಂದ ಗ್ಯಾಲರಿಗಳ ಗೋಡೆಗೆ ಬಳಿದ. 1989ರಲ್ಲಿ ಟರ್ನರ್ ಪ್ರಶಸ್ತಿ ಬಂತು. 2003ರಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಮಹಾರಾಷ್ಟ್ರದ ವಾರ್ಲಿ ಚಿತ್ರಕಾರ ಜಿವ್ಯಾ ಸೋಮಾ ಮಾಶೆಯ ಜೊತೆಯಲ್ಲಿ ಈತನ ಕೃತಿಗಳ ಪ್ರದರ್ಶನ ನಡೆಯಿತು.

ಇಂಗ್ಲೆಂಡಿನ ಇನ್ನೊಬ್ಬ ಕಲಾವಿದ ಹ್ಯಾಮಿಶ್ ಫುಲ್ಟನ್ (ಜ. 1946) ಇನ್ನೂ ಕಟ್ಟುನಿಟ್ಟಿನವ. 1973ರಲ್ಲಿ ಸ್ಕಾಟ್ಲೆಂಡಿನ ಡಂಕನ್ಸ್‌ಬಿ ಹೆಡ್‌ನಿಂದ ಇಂಗ್ಲೆಂಡಿನ ಲ್ಯಾಂಡ್ಸ್ ಎಂಡ್‌ವರೆಗೆ 1,022 ಮೈಲಿಗಳನ್ನು 47 ದಿನಗಳಲ್ಲಿ ನಡೆದು ಮುಗಿಸಿ, ಇನ್ನು ಮುಂದೆ ನಡಿಗೆಯ ಅನುಭವದಿಂದ ಹುಟ್ಟಿದ್ದನ್ನಷ್ಟೇ ಕೃತಿಯಾಗಿಸುವುದೆಂದು ನಿಶ್ಚಯಿಸಿದ. ಲಾಂಗ್ ಕಲ್ಲನ್ನು ಸರಿಸುತ್ತಾನೆ, ನೆಲದಲ್ಲಿ ಗುರುತು ಬಿಡುತ್ತಾನೆ. ಫುಲ್ಟನ್ ಅದನ್ನೂ ಒಪ್ಪುವುದಿಲ್ಲ. ನೆಲದ ಮೇಲಿನ ಗೌರವವನ್ನು ಇಷ್ಟು ದೂರ ಒಯ್ದವರು ವಿರಳ.

ನಡಿಗೆ ಸಂಬಂಧಗಳ ಕಥೆಯೂ ಆಗಬಲ್ಲದು. 1988ರಲ್ಲಿ ಕಲಾವಿದೆ ಮರೀನಾ ಅಬ್ರಾಮೊವಿಚ್ ಚೀನಾದ ಮಹಾಗೋಡೆಯ ಪೂರ್ವದ ಕಡಲಂಚಿನಿಂದಲೂ ಆಕೆಯ ಸಂಗಾತಿ ಉಲಾಯ್ ಗೋಬಿ ಮರುಭೂಮಿಯ ಕಡೆಯಿಂದಲೂ ಹೊರಟು, 90 ದಿನ ನಡೆದು ಸಂಧಿಸಿದರು. ಮದುವೆಗೆಂದು ಯೋಚಿಸಿದ್ದ ಈ ನಡಿಗೆ, ಅನುಮತಿ ಸಿಗುವಷ್ಟರಲ್ಲಿ ವರ್ಷಗಳು ಕಳೆದು, ವಿದಾಯವಾಯಿತು. ನಡಿಗೆ ರಾಜಕೀಯದ ಮಾತೂ ಆಗಬಲ್ಲದು: ಬೆಲ್ಜಿಯಂ ಮೂಲದ ಫ್ರಾನ್ಸಿಸ್ ಅಲೀಸ್ 2004ರಲ್ಲಿ ಜೆರುಸಲೇಮಿನಲ್ಲಿ ತೂತಿರುವ ಡಬ್ಬಿ ಹಿಡಿದು, 1948ರ ಅರಬ್-ಇಸ್ರೇಲ್ ಯುದ್ಧದ ಕೊನೆಯಲ್ಲಿ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಎಳೆದಿದ್ದ ಗಡಿಯುದ್ದಕ್ಕೂ ನಡೆದ. 24 ಕಿಲೋಮೀಟರಿಗೆ 58 ಲೀಟರ್ ಹಸಿರು ಬಣ್ಣ ಸುರಿಯಿತು. ಕಾಗದದ ಮೇಲೆ ಕ್ಷಣದಲ್ಲಿ ಎಳೆದ ಗೆರೆ, ನೆಲದ ಮೇಲೆ ಮನೆ, ಬೀದಿ, ಗುಡ್ಡಗಳನ್ನು ಸೀಳಿಕೊಂಡು ಹೋಗುವುದು ಕಣ್ಣಿಗೆ ಕಟ್ಟಿತು.

ಇವೆಲ್ಲದರಲ್ಲೂ ನಡೆದವರು ಕಲಾವಿದರು, ನೋಡಿದವರು ಬೇರೆಯವರು. ಕೆನಡಾದ ಜಾನೆಟ್ ಕಾರ್ಡಿಫ್ 1991ರಿಂದ ರೂಪಿಸಿದ ಶ್ರವಣ ನಡಿಗೆಗಳು ಈ ಅಂತರವನ್ನು ಅಳಿಸಿದವು. ಹೆಡ್‌ಫೋನಿನಲ್ಲಿ ಆಕೆಯ ದನಿ, ಹೆಜ್ಜೆಸಪ್ಪಳ, ಆ ಜಾಗದಲ್ಲೇ ಮುದ್ರಿಸಿದ ಸದ್ದುಗಳು ದಾರಿ ತೋರುತ್ತವೆ. 1999ರ ‘ದಿ ಮಿಸ್ಸಿಂಗ್ ವಾಯ್ಸ್’ ಲಂಡನ್ನಿನ ವೈಟ್‌ಚಾಪೆಲ್ ಗ್ರಂಥಾಲಯದಲ್ಲಿ ಆರಂಭವಾಗಿ ಲಿವರ್‌ಪೂಲ್ ಸ್ಟ್ರೀಟ್ ರೈಲು ನಿಲ್ದಾಣದಲ್ಲಿ ಮುಗಿಯುತ್ತಿತ್ತು. ಕೇಳುಗ ತಾನೇ ನಡೆಯದಿದ್ದರೆ ಈ ಕೃತಿ ಪೂರ್ಣವಾಗುವುದಿಲ್ಲ.