ಗೋಪನಪಲ್ಲಿಯಲ್ಲಿ ನಡೆಯದ ಓಟ

ಹುಮನಾಬಾದಿನ ಕಡೆಯಿಂದ ಮುಂಬೈ ಹೆದ್ದಾರಿಯಲ್ಲಿ ಹೈದರಾಬಾದಿಗೆ ಬರುವವರಿಗೆ ಜಹೀರಾಬಾದು, ಪಟಾನ್‌ಚೆರು, ರಾಮಚಂದ್ರಾಪುರದ ಬಿಎಚ್‌ಇಎಲ್ ಕಾರ್ಖಾನೆ ದಾಟಿದ ಮೇಲೆ ಸಿಗುವ ಊರು ಲಿಂಗಂಪಲ್ಲಿ. ಬೀದರ, ಕಲಬುರಗಿ ಕಡೆಯ ಎಷ್ಟೋ ಮಂದಿಗೆ ಹೈದರಾಬಾದು ಶುರುವಾಗುವುದೇ ಇಲ್ಲಿಂದ. 2003ರ ಆಗಸ್ಟಿನಲ್ಲಿ ಎಂಎಂಟಿಎಸ್ ಲೋಕಲ್ ರೈಲುಗಳು ಓಡತೊಡಗಿದಾಗ ಪಶ್ಚಿಮದ ಕೊನೆಯ ನಿಲ್ದಾಣ ಇದೇ ಆಗಿತ್ತು. ನಿಲ್ದಾಣದಿಂದ ದಕ್ಷಿಣಕ್ಕೆ ನಾಲ್ಕೈದು ಕಿಲೋಮೀಟರು ಹೋದರೆ, ಕೇಂದ್ರೀಯ ವಿಶ್ವವಿದ್ಯಾಲಯದ ಆಚೆಗೆ, ಗೋಪನಪಲ್ಲಿ. ಈಗ ಅಲ್ಲಿ ಅಪಾರ್ಟ್‌ಮೆಂಟುಗಳು, ಐಟಿ ಕಂಪನಿಗಳ ಗೇಟುಗಳು. ಇಪ್ಪತ್ತು ವರ್ಷದ ಹಿಂದೆ ದಖ್ಖನ್ನಿನ ಹೆಬ್ಬಂಡೆಗಳು, ಕುರುಚಲು ಗಿಡ, ಸರ್ಕಾರಿ ಜಮೀನು. ಆ ಜಮೀನಿನಲ್ಲಿ ಸುಮಾರು 1500 ಎಕರೆಯನ್ನು ಆಂಧ್ರಪ್ರದೇಶ ಸರ್ಕಾರ ಫಾರ್ಮುಲಾ ಒನ್ ಕಾರುಗಳ ಓಟಕ್ಕೆಂದು ಗುರುತಿಸಿಟ್ಟಿತ್ತು.

ಅದು ಚಂದ್ರಬಾಬು ನಾಯ್ಡು ಮುಖ್ಯಮಂತ್ರಿಯಾಗಿದ್ದ ಕಾಲ. 2002ರ ಕೊನೆಗೆ ಹೈದರಾಬಾದಿನಲ್ಲಿ ರಾಷ್ಟ್ರೀಯ ಕ್ರೀಡಾಕೂಟ, 2003ರಲ್ಲಿ ಆಫ್ರೋ-ಏಷ್ಯನ್ ಕ್ರೀಡಾಕೂಟ. ಗಚ್ಚಿಬೌಲಿಯಲ್ಲಿ ಹೊಸ ಸ್ಟೇಡಿಯಂ. ಅದರ ಮುಂದಿನ ಮೆಟ್ಟಿಲು ಎಂಬಂತೆ ಫಾರ್ಮುಲಾ ಒನ್ ಬಂತು. ಭಾರತದ ಗ್ರ್ಯಾನ್ ಪ್ರಿಗೆ ಬೆಂಗಳೂರು, ಮುಂಬೈ, ದೆಹಲಿ ಬಳಿಯ ಗುರುಗ್ರಾಮದ ಹೆಸರುಗಳೂ ಓಡಾಡುತ್ತಿದ್ದವು. 2003 ಮುಗಿಯುವ ಹೊತ್ತಿಗೆ ಹೈದರಾಬಾದು ಮುಂದಿತ್ತು; 2007ರಲ್ಲಿ ಮೊದಲ ಓಟ ಎಂದು ಪತ್ರಿಕೆಗಳು ಬರೆದವು. ಬೆಂಗಳೂರಿನವರಿಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ಸುದ್ದಿಯೂ ಹೌದು. ಆ ವರ್ಷಗಳಲ್ಲಿ ಐಟಿ ಕಂಪನಿ ಯಾವ ಊರಿಗೆ, ವಿಮಾನ ನಿಲ್ದಾಣ ಯಾವ ಊರಿಗೆ ಮೊದಲು ಎಂಬ ಪೈಪೋಟಿ ಎರಡೂ ಊರುಗಳ ನಡುವೆ ದಿನನಿತ್ಯದ್ದಾಗಿತ್ತು.

ಅಂಥದೊಂದು ಟ್ರ್ಯಾಕು ಸಿದ್ಧವಾದರೆ ಅದರ ಮೇಲೆ ಓಡಿಸಲು ಭಾರತದ ಚಾಲಕ ಯಾರು? ಆಗ ಈ ಪ್ರಶ್ನೆಗೆ ಇದ್ದ ಉತ್ತರ ಹೆಚ್ಚುಕಡಿಮೆ ಒಂದೇ: ಕೊಯಮತ್ತೂರಿನ ನರೇನ್ ಕಾರ್ತಿಕೇಯನ್. ವಯಸ್ಸು 26. 2001ರ ಜೂನಿನಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಜಾಗ್ವಾರ್ ತಂಡದ ಕಾರನ್ನು ಪರೀಕ್ಷೆಗೆ ಓಡಿಸಿ, ಫಾರ್ಮುಲಾ ಒನ್ ಕಾರಿನಲ್ಲಿ ಕೂತ ಮೊದಲ ಭಾರತೀಯ ಎನಿಸಿಕೊಂಡಿದ್ದರು. ಸೀಟು ಮಾತ್ರ ಸಿಕ್ಕಿರಲಿಲ್ಲ. ಗೋಪನಪಲ್ಲಿಯ ನಕ್ಷೆಯ ಮಾತು ನಡೆಯುತ್ತಿದ್ದಾಗ ಅವರು ಯುರೋಪಿನಲ್ಲಿ ನಿಸ್ಸಾನ್ ವರ್ಲ್ಡ್ ಸೀರೀಸಿನ ಕಾರು ಓಡಿಸುತ್ತ ಕಾಯುತ್ತಿದ್ದರು.

ದಕ್ಷಿಣ ಭಾರತದ ಕಾರು ಓಟದ ಕಥೆ ಹೆಚ್ಚಾಗಿ ಮದರಾಸು ಮತ್ತು ಕೊಯಮತ್ತೂರಿನದು. ಮದರಾಸಿನ ಹತ್ತಿರ ಶೋಳಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನದ ಪಟ್ಟಿಯೊಂದು ಉಳಿದಿತ್ತು. ಅದೇ ದಶಕಗಳ ಕಾಲ ರೇಸಿನ ಮೈದಾನ. ಬೆಂಗಳೂರಿನ ಚಾಲಕರೂ ಅಲ್ಲಿಗೇ ಹೋಗುತ್ತಿದ್ದರು. ಮುಂದೆ ಫಾರ್ಮುಲಾ ಒನ್ ತಂಡವನ್ನೇ ಕೊಂಡ ವಿಜಯ್ ಮಲ್ಯ ಯುವಕರಾಗಿದ್ದಾಗ ಓಡಿಸಿದ್ದು ಅದೇ ಪಟ್ಟಿಯ ಮೇಲೆ. ಕೊಯಮತ್ತೂರಿನಲ್ಲಿ ಲಕ್ಷ್ಮಿ ಮಿಲ್ಸ್ ಮನೆತನದ ಕರಿವರ್ಧನ್ ಮಾರುತಿ 800ರ ಎಂಜಿನ್ ಹಾಕಿ ಒಂಟಿ ಸೀಟಿನ ಪುಟ್ಟ ರೇಸ್ ಕಾರುಗಳನ್ನು ಕಟ್ಟಿದರು. ಸಂಸಾರ ಕೂರಿಸಿಕೊಂಡು ತಿರುಪತಿಗೆ ಹೋಗುತ್ತಿದ್ದ ಕಾರಿನ ಎಂಜಿನ್ನೇ ಒಂದು ಪೀಳಿಗೆಗೆ ರೇಸು ಕಲಿಸಿತು. ನರೇನ್ ಅವರ ತಂದೆ ಜಿ. ಆರ್. ಕಾರ್ತಿಕೇಯನ್ ರ್‍ಯಾಲಿ ಚಾಲಕರು, ಸೌತ್ ಇಂಡಿಯಾ ರ್‍ಯಾಲಿಯನ್ನು ಏಳು ಸಲ ಗೆದ್ದವರು. ಮಗ 1992ರಲ್ಲಿ ಫ್ರಾನ್ಸಿನ ವಿನ್‌ಫೀಲ್ಡ್ ಶಾಲೆಗೆ ಹೋಗಿ ಕಲಿತು, ಊರಿಗೆ ಬಂದು ಫಾರ್ಮುಲಾ ಮಾರುತಿ ಓಡಿಸಿ, ಮತ್ತೆ ಇಂಗ್ಲೆಂಡಿಗೆ ಹೊರಟ. 1996ರಲ್ಲಿ ಫಾರ್ಮುಲಾ ಏಷ್ಯಾ ಸರಣಿ ಗೆದ್ದ ಮೇಲೆ ಬ್ರಿಟಿಷ್ ಫಾರ್ಮುಲಾ ತ್ರೀ, ಜಪಾನಿನ ಫಾರ್ಮುಲಾ ನಿಪ್ಪಾನ್. ಪ್ರತಿ ವರ್ಷವೂ ಹೊಸ ತಂಡ, ಮತ್ತೆ ಪ್ರಾಯೋಜಕರ ಹುಡುಕಾಟ. ಕ್ರಿಕೆಟಿನಲ್ಲಿ ಆಯ್ಕೆಯಾದವನು ಬ್ಯಾಟು ಹಿಡಿದು ಹೋದರೆ ಸಾಕು. ಈ ಆಟದಲ್ಲಿ ಚಾಲಕ ಬಹಳ ಸಲ ತನ್ನ ಸೀಟಿನ ಹಣವನ್ನೂ ಹೊತ್ತು ತರಬೇಕು.

ಗೋಪನಪಲ್ಲಿಯ ಓಟ ಶುರುವಾಗುವ ಮೊದಲೇ ಮುಗಿಯಿತು. 2004ರ ಮೇ ತಿಂಗಳಲ್ಲಿ ನಾಯ್ಡು ಸೋತರು. ಬರಗಾಲ, ರೈತರ ಆತ್ಮಹತ್ಯೆ, ಹಳ್ಳಿಯ ಸಿಟ್ಟು ಚುನಾವಣೆಯಲ್ಲಿ ಮಾತಾಡಿದ್ದವು. ವೈ. ಎಸ್. ರಾಜಶೇಖರ ರೆಡ್ಡಿ ಪ್ರಮಾಣವಚನ ಸ್ವೀಕರಿಸಿದ ವೇದಿಕೆಯಲ್ಲೇ ರೈತರಿಗೆ ಉಚಿತ ವಿದ್ಯುತ್ತಿನ ಕಡತಕ್ಕೆ ಸಹಿ ಹಾಕಿದರು. ಅಂಥ ಸರ್ಕಾರದ ಮೇಜಿನ ಮೇಲೆ ರೇಸ್ ಕಾರಿನ ಕಡತ ಎಷ್ಟು ದಿನ ಉಳಿದೀತು? ಅದೇ ವರ್ಷದ ಸೆಪ್ಟೆಂಬರಿನ ಹೊತ್ತಿಗೆ ಯೋಜನೆ ರದ್ದಾಯಿತು. ಪಂಪ್‌ಸೆಟ್ಟಿಗೆ ಕರೆಂಟಿಲ್ಲದ ರೈತನ ಕಡೆಯಿಂದ ನೋಡಿದರೆ ಆ ತೀರ್ಮಾನದಲ್ಲಿ ತಪ್ಪು ಹುಡುಕುವುದು ಕಷ್ಟ.

ವಿಚಿತ್ರವೆಂದರೆ, ಟ್ರ್ಯಾಕಿನ ಆಸೆ ಬತ್ತಿದ ಕೆಲವೇ ತಿಂಗಳಲ್ಲಿ ಚಾಲಕನಿಗೆ ಸೀಟು ಸಿಕ್ಕಿತು. 2005ರ ಫೆಬ್ರವರಿ ಮೊದಲ ದಿನ ಜೋರ್ಡಾನ್ ತಂಡ ನರೇನ್ ಹೆಸರನ್ನು ಪ್ರಕಟಿಸಿತು. ಬೆನ್ನಿಗೆ ಟಾಟಾ, ಭಾರತ್ ಪೆಟ್ರೋಲಿಯಂ ಇದ್ದವು. ಮಾರ್ಚ್ 6ರಂದು ಮೆಲ್ಬರ್ನಿನಲ್ಲಿ ಮೊದಲ ಓಟ, ಹನ್ನೆರಡನೇ ಸ್ಥಾನದಿಂದ ಹೊರಟು ಹದಿನೈದನೆಯವರಾಗಿ ಮುಗಿಸಿದರು. ಜೋರ್ಡಾನ್ ಆ ವರ್ಷ ಹಿಂದಿನ ಸಾಲಿನ ತಂಡ. ಅಂಕ ಬರುವ ಆಸೆ ಯಾರಿಗೂ ಇರಲಿಲ್ಲ.

ಅಂಕ ಬಂದದ್ದು ಅಮೆರಿಕದ ಇಂಡಿಯಾನಾಪೊಲಿಸಿನಲ್ಲಿ, ಜೂನ್ 19ರಂದು. ಈ ಕಥೆಗೆ ಆ ದಿನ ಬಹಳ ಮುಖ್ಯ. ಇಂಡಿಯಾನಾಪೊಲಿಸ್ ಮೂಲತಃ ಓವಲ್ ಟ್ರ್ಯಾಕು, ಅಂದರೆ ಮೊಟ್ಟೆಯಂತೆ ಉದ್ದುದ್ದಕ್ಕೆ ಸುತ್ತುವ ದಾರಿ; ತಿರುವುಗಳಲ್ಲಿ ನೆಲವನ್ನೇ ಹೊರಗಡೆಗೆ ಎತ್ತರಿಸಿ ಓರೆಯಾಗಿ ಕಟ್ಟಿದ್ದು. ಫಾರ್ಮುಲಾ ಒನ್ನಿಗೆ ಒಳಗೊಂದು ಅಂಕುಡೊಂಕು ದಾರಿ ಮಾಡಿ, ಕೊನೆಗೆ ಓವಲಿನ ಒಂದು ಓರೆ ತಿರುವನ್ನು ಸೇರಿಸಿದ್ದರು. ಆ ತಿರುವಿನ ಭಾರವನ್ನು ಮಿಷೆಲಿನ್ ಟೈರುಗಳು ತಡೆಯಲಿಲ್ಲ. ಶುಕ್ರವಾರದ ಅಭ್ಯಾಸದಲ್ಲಿ ರಾಲ್ಫ್ ಶುಮಾಕರ್ ಅವರ ಕಾರು ಗೋಡೆಗೆ ಅಪ್ಪಳಿಸಿತು. ಭಾನುವಾರ ಪೂರ್ವಭಾವಿ ಸುತ್ತು ಮುಗಿಸಿ ಮಿಷೆಲಿನ್ ಟೈರಿನ 14 ಕಾರುಗಳೂ ನೇರವಾಗಿ ಪಿಟ್ಟಿಗೆ ಹೋಗಿಬಿಟ್ಟವು. ಉಳಿದದ್ದು ಬ್ರಿಜ್‌ಸ್ಟೋನ್ ಟೈರಿನ ಆರೇ ಕಾರು. ಪ್ರೇಕ್ಷಕರು ಕೂಗಾಡಿದರು, ಬಾಟಲಿ ಎಸೆದರು. ಎರಡು ಫೆರಾರಿಗಳ ಹಿಂದೆ ಜೋರ್ಡಾನಿನ ಟಿಯಾಗೊ ಮೊಂಟೀರೊ ಮೂರನೆಯವರು, ನರೇನ್ ನಾಲ್ಕನೆಯವರು. ಐದು ಅಂಕ. ಫಾರ್ಮುಲಾ ಒನ್ನಿನಲ್ಲಿ ಭಾರತೀಯ ಚಾಲಕನ ಮೊದಲ ಅಂಕಗಳು ಹೀಗೆ, ಬೇರೆಯವರು ಬಿಟ್ಟುಹೋದ ಜಾಗದಲ್ಲಿ ದಕ್ಕಿದವು. ಅವರನ್ನು ಅಣಕಿಸಿದವರೂ ಇದ್ದರು. ಆದರೆ ಆರೇ ಕಾರುಗಳಿದ್ದರೂ ಗೋಡೆಗೆ ತಗುಲದಂತೆ ಕೊನೆಯವರೆಗೆ ಓಡಿಸಿದ್ದು ಅವರೇ.

ಮರುವರ್ಷ ಸೀಟು ಹೋಯಿತು. ವಿಲಿಯಮ್ಸ್ ತಂಡದಲ್ಲಿ ಪರೀಕ್ಷಾ ಚಾಲಕನ ಕೆಲಸ. 2007ರ ಡಿಸೆಂಬರಿನಲ್ಲಿ ಚೀನಾದ ಝುಹಾಯಿಯಲ್ಲಿ ಎ1 ಗ್ರ್ಯಾನ್ ಪ್ರಿಯಲ್ಲಿ ಭಾರತ ತಂಡಕ್ಕೆ ಮೊದಲ ಗೆಲುವು ತಂದುಕೊಟ್ಟರು. ಅದೇ ವರ್ಷ ಮಲ್ಯ ಸ್ಪೈಕರ್ ತಂಡವನ್ನು ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. ಹೆಸರಿನಲ್ಲಿ ದೇಶವಿದ್ದ ಆ ತಂಡ ತನ್ನ ಇಡೀ ಆಯುಷ್ಯದಲ್ಲಿ ಒಬ್ಬ ಭಾರತೀಯನನ್ನೂ ಓಟಕ್ಕೆ ಕೂರಿಸಲಿಲ್ಲ. ವೇಗವೇ ಮಾನದಂಡ ಎಂದರೆ ಒಪ್ಪಬಹುದು. ಆದರೂ ಬೆಂಗಳೂರಿನ ಯಜಮಾನನ ತಂಡ ಕೊಯಮತ್ತೂರಿನ ಚಾಲಕನಿಗೆ ಒಂದು ಓಟವನ್ನೂ ಕೊಡದ್ದು ಕಣ್ಣಿಗೆ ಬೀಳುತ್ತದೆ. 2009ರಲ್ಲಿ ಲೆ ಮಾನ್ಸಿನ 24 ತಾಸಿನ ಓಟಕ್ಕೆ ಹೋದರೆ, ಓಟ ಶುರುವಾಗುವ ಮೊದಲೇ ಪಿಟ್ ಗೋಡೆಯಿಂದ ಇಳಿಯುವಾಗ ಭುಜ ಕಳಚಿತು. ಸ್ಟಿಯರಿಂಗ್ ಹಿಡಿಯಲೂ ಆಗಲಿಲ್ಲ.

2010ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಅವರು ಹೋದದ್ದು ಯಾರೂ ಎಣಿಸದ ಕಡೆಗೆ: ಅಮೆರಿಕದ ಸ್ಟಾಕ್ ಕಾರ್ ಓಟಕ್ಕೆ.

ಸ್ಟಾಕ್ ಕಾರ್ ಎಂದರೆ ಮೂಲದಲ್ಲಿ ಅಂಗಡಿಯಿಂದ ತಂದ ಮಾಮೂಲಿ ಕಾರು. ಅಮೆರಿಕದ ದಕ್ಷಿಣದ ಗುಡ್ಡಗಾಡಿನಲ್ಲಿ ಕಳ್ಳಭಟ್ಟಿ ಸಾಗಿಸುವವರು ಪೊಲೀಸರ ಕೈಗೆ ಸಿಗದಂತೆ ತಮ್ಮ ಕಾರುಗಳ ಎಂಜಿನ್ ಬಲಪಡಿಸಿಕೊಳ್ಳುತ್ತಿದ್ದರು. ಬಿಡುವಿನಲ್ಲಿ ಯಾರ ಕಾರು ಜೋರು ಎಂದು ಮಣ್ಣಿನ ಮೈದಾನದಲ್ಲಿ ಪಂದ್ಯ ಕಟ್ಟುತ್ತಿದ್ದರು. ಈ ಚದುರಿದ ಆಟಕ್ಕೆ ನಿಯಮ, ಅಂಕ, ಸಂಸ್ಥೆ ತಂದವರು ಬಿಲ್ ಫ್ರಾನ್ಸ್. 1948ರಲ್ಲಿ ನ್ಯಾಸ್ಕಾರ್ ಹುಟ್ಟಿತು. ಈಗಿನ ಕಾರಿಗೆ ಅಂಗಡಿ ಕಾರಿನ ಹೋಲಿಕೆ ಇರುವುದು ಹೊರಗಿನ ತಗಡಿಗೆ ಮಾತ್ರ. ಒಳಗೆ ಉಕ್ಕಿನ ಕೊಳವೆಗಳ ಪಂಜರ. ತೆರೆಯುವ ಬಾಗಿಲೇ ಇಲ್ಲ, ಚಾಲಕ ಕಿಟಕಿಯಿಂದ ತೂರಿಕೊಂಡು ಒಳಹೋಗಬೇಕು. ಹೆಡ್‌ಲೈಟು ಎಂದು ಕಾಣುವುದು ಬರೀ ಸ್ಟಿಕ್ಕರು. ನರೇನ್ ಸೇರಿದ್ದು ನ್ಯಾಸ್ಕಾರಿನ ಪಿಕಪ್ ಟ್ರಕ್ಕುಗಳ ಸರಣಿಗೆ, ವೈಲರ್ ರೇಸಿಂಗ್ ತಂಡದ 60ನೇ ನಂಬರಿನ ಟ್ರಕ್ಕು. ಫಾರ್ಮುಲಾ ಒನ್ ಕಾರು ಚಾಲಕನೂ ಸೇರಿ ಸುಮಾರು 600 ಕೆ.ಜಿ. ತೂಗುತ್ತಿದ್ದರೆ, ಈ ಟ್ರಕ್ಕು ಸುಮಾರು ಒಂದೂವರೆ ಟನ್ನು. ಎಂಜಿನ್ನಿಗೆ ಇನ್ನೂ ಕಾರ್ಬ್ಯುರೇಟರ್ ಇತ್ತು, ನಮ್ಮ ಹಳೆಯ ಅಂಬಾಸಿಡರಿನ ಹಾಗೆ.

ಮೊದಲ ಓಟ ಮಾರ್ಚ್ ಕೊನೆಗೆ, ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನಲ್ಲಿ. ಒಂದು ಸುತ್ತು ಒಂದು ಕಿಲೋಮೀಟರು ಕೂಡ ಇಲ್ಲ. ಆಕಾರ ಕಾಗದಕ್ಕೆ ಹಾಕುವ ಪಿನ್ನಿನದು: ಎರಡು ನೇರ, ಎರಡು ಬಿಗಿ ತಿರುವು. ನೇರದಲ್ಲಿ ಡಾಂಬರು, ತಿರುವಿನಲ್ಲಿ ಕಾಂಕ್ರೀಟು. ಗೆದ್ದವನಿಗೆ ಕಪ್ಪಿನ ಬದಲು ಆಳೆತ್ತರದ ಲೋಲಕದ ಗಡಿಯಾರ ಕೊಡುವ ಊರು ಅದು. 250 ಸುತ್ತು, ಎಲ್ಲವೂ ಎಡಕ್ಕೆ. ಟ್ರಕ್ಕುಗಳು ಪಕ್ಕೆಗೆ ಪಕ್ಕೆ ಉಜ್ಜಿಕೊಂಡೇ ಓಡುತ್ತವೆ; ಮುಂದಿನವನ ಹಿಂಬದಿಗೆ ಮೆಲ್ಲಗೆ ತಾಕಿಸಿ ದಾರಿ ಬಿಡಿಸಿಕೊಳ್ಳುವುದು ಅಲ್ಲಿ ಕಲೆ. ಫಾರ್ಮುಲಾ ಕಾರಿನ ಚಾಲಕ ಹುಟ್ಟಿದಾಗಿನಿಂದ ಕಲಿತದ್ದು ಇದಕ್ಕೆ ತದ್ವಿರುದ್ಧ, ಚಕ್ರಕ್ಕೆ ಚಕ್ರ ತಗುಲಿದರೆ ಓಟವೇ ಮುಗಿಯಿತು. ಇನ್ನೊಂದು ಹೊಸತು ಕಿವಿಯಲ್ಲಿ. ಸ್ಟ್ಯಾಂಡಿನ ಮಾಳಿಗೆಯ ಮೇಲೆ ನಿಂತ ತಂಡದವನೊಬ್ಬ ಓಟದುದ್ದಕ್ಕೂ ರೇಡಿಯೋದಲ್ಲಿ ಒಳಗಡೆ ಒಬ್ಬ, ಹೊರಗಡೆ ಒಬ್ಬ, ಈಗ ದಾರಿ ಖಾಲಿ ಎಂದು ಹೇಳುತ್ತಲೇ ಇರುತ್ತಾನೆ. ಕನ್ನಡಿಗಿಂತ ಅವನ ಮಾತನ್ನು ನಂಬಬೇಕು. 33 ವರ್ಷದ ಚಾಲಕ ಇದನ್ನೆಲ್ಲ ಎಲ್ಲರೆದುರೇ ಕಲಿತು, ಮೊದಲ ಓಟದಲ್ಲಿ 13ನೆಯವರಾಗಿ ಮುಗಿಸಿದರು. ಇಂಡಿಯಾನಾಪೊಲಿಸಿನಲ್ಲಿ ಉಳಿದವರನ್ನು ಓಡಿಸಿದ ಓರೆ ತಿರುವೇ ಐದು ವರ್ಷದ ನಂತರ ಅವರ ದಿನದ ಕೆಲಸವಾಯಿತು. ಅವರ ಇಡೀ ವೃತ್ತಿಯಲ್ಲಿ ಹೆಚ್ಚು ಗೌರವಕ್ಕೆ ಅರ್ಹವಾದದ್ದು ಇದೇ ವರ್ಷವೇನೋ.

ಆ ಋತುವಿನ ಎಲ್ಲ ಓಟಗಳೂ ಅವರಿಗೆ ಸಿಗಲಿಲ್ಲ, ಕೆಲವು ಮಾತ್ರ. ಆದರೂ ವರ್ಷದ ಕೊನೆಗೆ ಅಭಿಮಾನಿಗಳ ಮತದಿಂದ ಟ್ರಕ್ ಸರಣಿಯ ಅತ್ಯಂತ ಜನಪ್ರಿಯ ಚಾಲಕ ಪ್ರಶಸ್ತಿ ಬಂದದ್ದು ಅವರಿಗೆ. ಒಂದೂ ಗೆಲ್ಲದ, ಪೂರ್ತಿ ಋತು ಓಡದ ಪರದೇಶಿಗೆ! ಕಳ್ಳಭಟ್ಟಿಯ ನಾಡಿನ ಆಟಕ್ಕೆ ಭಾರತದ ಅಭಿಮಾನಿಗಳ ಮತಗಳೂ ತಲುಪಿದ್ದವು ಎನ್ನಬೇಕು. ಅದೇ ವರ್ಷ ಅದೇ ಸರಣಿಯಲ್ಲಿ ಫಾರ್ಮುಲಾ ಒನ್ನಿನಿಂದ ಹೊರಬಿದ್ದ ಇನ್ನೊಬ್ಬರೂ ಇದ್ದರು, ಬ್ರೆಜಿಲಿನ ನೆಲ್ಸನ್ ಪಿಕೆ ಜೂನಿಯರ್. ಅವರ ಹೆಸರು ಈ ಕಥೆಯಲ್ಲಿ ಇನ್ನೊಮ್ಮೆ ಬರುತ್ತದೆ.

ನರೇನ್ 2011ರಲ್ಲಿ ಎಚ್‌ಆರ್‌ಟಿ ತಂಡದಿಂದ ಫಾರ್ಮುಲಾ ಒನ್ನಿಗೆ ಮರಳಿದರು. ಕಾರು ಎಷ್ಟು ನಿಧಾನವೆಂದರೆ ಮೆಲ್ಬರ್ನಿನಲ್ಲಿ ಓಟಕ್ಕೆ ಅರ್ಹತೆಯೇ ಸಿಗಲಿಲ್ಲ. ಜುಲೈ ಹೊತ್ತಿಗೆ ಅವರ ಸೀಟಿಗೆ ಡೇನಿಯಲ್ ರಿಕಿಯಾರ್ಡೊ ಬಂದರು. ಅಷ್ಟರಲ್ಲಿ ಭಾರತದ ಗ್ರ್ಯಾನ್ ಪ್ರಿ ನಿಜವಾಗಿತ್ತು, ಗೋಪನಪಲ್ಲಿಯಲ್ಲಲ್ಲ, ಗ್ರೇಟರ್ ನೋಯ್ಡಾದಲ್ಲಿ. ಜೇಪಿ ಗುಂಪು ಕಟ್ಟಿದ ಬುದ್ಧ ಸರ್ಕಿಟ್, 5.125 ಕಿಲೋಮೀಟರು. ಆ ಒಂದು ಓಟಕ್ಕೆ ತಂಡ ಅವರನ್ನು ಮತ್ತೆ ಕರೆಯಿತು. ಅಕ್ಟೋಬರ್ 30ರಂದು ತಾಯ್ನೆಲದಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯನಾಗಿ 17ನೇ ಸ್ಥಾನದಲ್ಲಿ ಮುಗಿಸಿದರು, ತಂಡದ ಜೊತೆಗಾರ ರಿಕಿಯಾರ್ಡೊಗಿಂತ ಒಂದು ಸ್ಥಾನ ಮುಂದೆ. ಗೋಪನಪಲ್ಲಿಯಲ್ಲಿ 2007ಕ್ಕೆ ಓಟ ನಡೆದಿದ್ದರೆ ಅವರಿಗೆ 30 ತುಂಬಿರುತ್ತಿತ್ತು, ದೇಹ ಕಸುವಿನಲ್ಲಿರುವ ವಯಸ್ಸು. ಬುದ್ಧ ಸರ್ಕಿಟ್ಟಿಗೆ ಇಳಿದಾಗ 34. ಮೂರೇ ವರ್ಷದಲ್ಲಿ ಆ ಓಟವೂ ನಿಂತಿತು. ಇದು ಕ್ರೀಡೆಯೋ ಮನರಂಜನೆಯೋ, ತೆರಿಗೆ ಎಷ್ಟು ಎಂಬ ಜಗಳ ಟ್ರ್ಯಾಕಿನಿಂದ ನ್ಯಾಯಾಲಯಕ್ಕೆ ಹೋಗಿತ್ತು. ನರೇನ್ ಜಪಾನಿಗೆ ಹೋಗಿ ಸೂಪರ್ ಫಾರ್ಮುಲಾ ಓಡಿಸಿದರು. 2019ರ ನವೆಂಬರಿನಲ್ಲಿ, 42ರ ವಯಸ್ಸಿನಲ್ಲಿ, ಫ್ಯೂಜಿಯಲ್ಲಿ ಹೋಂಡಾ ಕಾರಿನಲ್ಲಿ ಒಂದು ಓಟ ಗೆದ್ದರು.

ಹೈದರಾಬಾದಿಗೆ ರೇಸು ಬಂದದ್ದು ಇನ್ನೊಂದು ರೂಪದಲ್ಲಿ, ಹುಸೇನ್ ಸಾಗರದ ದಂಡೆಗೆ. 2023ರ ಫೆಬ್ರವರಿ 11ರಂದು ವಿದ್ಯುತ್ ಕಾರುಗಳ ಫಾರ್ಮುಲಾ ಇ ಓಟ. ಸಚಿವಾಲಯ, ಲುಂಬಿನಿ ಪಾರ್ಕ್, ಎನ್‌ಟಿಆರ್ ಮಾರ್ಗದ ಬೀದಿಗಳಿಗೇ ತಡೆಗೋಡೆ ಹಾಕಿ ಮಾಡಿದ 2.83 ಕಿಲೋಮೀಟರಿನ ದಾರಿ. ಈ ಸರಣಿಯ ಮೊತ್ತಮೊದಲ ಚಾಂಪಿಯನ್ ಟ್ರಕ್ಕು ಓಡಿಸುತ್ತಿದ್ದ ಆ ಪಿಕೆ ಜೂನಿಯರ್. ಹೈದರಾಬಾದಿನಲ್ಲಿ ಗೆದ್ದದ್ದು ಫ್ರಾನ್ಸಿನ ಜ್ಯಾನ್ ಎರಿಕ್ ವೆರ್ನ್. ಓಟದಲ್ಲಿ ಭಾರತೀಯ ಚಾಲಕ ಇರಲಿಲ್ಲ. ಮುಂಬೈಯ ಜೆಹಾನ್ ದಾರೂವಾಲಾ ಮಹೀಂದ್ರಾ ತಂಡದ ಮೀಸಲು ಚಾಲಕನಾಗಿ ಪಿಟ್ಟಿನಲ್ಲಿದ್ದರು.

ಮರುವರ್ಷ ದಾರೂವಾಲಾಗೆ ಮಾಸೆರಾಟಿ ತಂಡದಲ್ಲಿ ಸೀಟು ಸಿಕ್ಕಿತು. 2024ರ ಫೆಬ್ರವರಿ 10ಕ್ಕೆ ಹೈದರಾಬಾದಿನ ಓಟ ಗೊತ್ತಾಗಿತ್ತು. 2023ರ ಡಿಸೆಂಬರಿನಲ್ಲಿ ತೆಲಂಗಾಣದಲ್ಲಿ ಸರ್ಕಾರ ಬದಲಾಯಿತು. ಜನವರಿ ಮೊದಲ ವಾರ ಸಂಘಟಕರು, ಸರ್ಕಾರ ಒಪ್ಪಂದ ಪಾಲಿಸುತ್ತಿಲ್ಲ ಎಂದು ಓಟ ರದ್ದುಮಾಡಿದರು. ಹಿಂದಿನ ಸರ್ಕಾರ ಸಂಘಟಕರಿಗೆ ಕೊಟ್ಟ ಹಣದ ಬಗ್ಗೆ ಆ ವರ್ಷದ ಕೊನೆಗೆ ಭ್ರಷ್ಟಾಚಾರ ನಿಗ್ರಹ ದಳ ಪ್ರಕರಣವನ್ನೂ ದಾಖಲಿಸಿತು. ಜನವರಿ ಕೊನೆಗೆ ಸೌದಿ ಅರೇಬಿಯಾದ ದಿರಿಯಾದಲ್ಲಿ ಓಡಿದ ಕಾರುಗಳು, ದಾರೂವಾಲಾ ಅವರದೂ ಸೇರಿ, ಮತ್ತೆ ಓಡಿದ್ದು ಮಾರ್ಚಿನಲ್ಲಿ, ಬ್ರೆಜಿಲಿನ ಸಾವೊ ಪೌಲೊದಲ್ಲಿ.