ಆಯುಧಕ್ಕೆ ಯಾರ ದುಡ್ಡು?

2020ರ ನವೆಂಬರ್ 29ರಂದು ಸ್ವಿಟ್ಜರ್ಲೆಂಡಿನ ಮತದಾರರ ಮುಂದೆ ಒಂದು ಪ್ರಶ್ನೆ ಇತ್ತು. ವಹಿವಾಟಿನ ಶೇ. 5ಕ್ಕಿಂತ ಹೆಚ್ಚನ್ನು ಯುದ್ಧಸಾಮಗ್ರಿಯಿಂದ ಗಳಿಸುವ ಕಂಪನಿಗಳಲ್ಲಿ ರಾಷ್ಟ್ರೀಯ ಬ್ಯಾಂಕು, ಪಿಂಚಣಿ ನಿಧಿಗಳು ಹಣ ಹೂಡದಂತೆ ತಡೆಯಬೇಕೆ? ಬೇಡ ಎಂದವರು ಶೇ. 57.5. ಅಣುಬಾಂಬು, ಕ್ಲಸ್ಟರ್ ಬಾಂಬುಗಳಂಥ ಆಯುಧಗಳ ತಯಾರಿಕೆಗೆ ನೇರವಾಗಿ ಹಣ ಕೊಡುವುದನ್ನು ಮಾತ್ರ ಅಲ್ಲಿನ ಕಾನೂನು ಮೊದಲೇ ನಿಷೇಧಿಸಿತ್ತು. ಪ್ರಸ್ತಾವ ಸೋತಿತು, ನಿಜ. ಆದರೂ ಆ ತಟಸ್ಥ ದೇಶ ತನ್ನ ಜನರನ್ನು ಕೇಳಿತಲ್ಲ! ಪಾವಗಡ, ಶಿರಾ, ಮಧುಗಿರಿ ಸುತ್ತಿನ ನಮ್ಮ ನಿಡುಗಲ್ ಸೀಮೆಯಿಂದ ಆಯುಧಕ್ಕೆ ಏನೇನು ಹೋಗಿದೆ, ಯಾರನ್ನು ಕೇಳಿ ಹೋಗಿದೆ ಎಂದು ದಾಖಲೆಗಳನ್ನು ತೆಗೆದು ಕೂತೆ.

ಮೊದಲು ಸಿಕ್ಕವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆ ಸುತ್ತಿದ ಈತ ಮಧುಗಿರಿಯ ಉಕ್ಕಿನ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಹಸಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ನೆಲದಲ್ಲಿ ತೋಡಿದ ಒಲೆಯಲ್ಲಿ ತಿದಿಯೊತ್ತಿ ಕಾಯಿಸುತ್ತಿದ್ದರು. ನಮ್ಮ ಹೊಲದ ಬದುಗಳಲ್ಲಿ ಇಂದಿಗೂ ಹಳದಿ ಹೂ ಬಿಡುವ ಅದೇ ತಂಗಡಿ. ಆ ಉಕ್ಕು ಕಲ್ಲುಕುಟಿಗರ ಉಳಿಗೂ, ವಾದ್ಯದ ತಂತಿಗೂ, ಕತ್ತಿಯ ಅಲಗಿಗೂ ಹೋಗುತ್ತಿತ್ತು. ಓದುತ್ತಾ ಮೈ ಜುಮ್ಮೆಂದಿತು.

ಕತ್ತಿ ಸಣ್ಣ ಲೆಕ್ಕ. ದೊಡ್ಡ ಲೆಕ್ಕ ಇದ್ದದ್ದು ಕಾವಲುಗಳಲ್ಲಿ, ಅಂದರೆ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ. ಚಿಕ್ಕದೇವರಾಜ ಒಡೆಯರು ದನ ಸಾಕಲು ಮಾಡಿದ್ದ ಬೆಣ್ಣೆ ಚಾವಡಿ ಎಂಬ ಇಲಾಖೆಯ ದನಗಳನ್ನು ಹೈದರ್ ಫಿರಂಗಿ ಎಳೆಯಲು ಹೂಡಿದ. ಟಿಪ್ಪು ಆ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. ಅಂದರೆ ಹುಲ್ಲುಗಾವಲೇ ಅಂದಿನ ಸೇನಾ ಬಜೆಟ್ಟು.

ಹುಲ್ಲುಗಾವಲಿನ ನಂತರ ಕಂದಾಯದ ಸರದಿ. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದರ ವಿಮಾನ ಕಾರ್ಖಾನೆ ಹುಟ್ಟಿತು. ಮೈಸೂರು ಸರ್ಕಾರ ಅದಕ್ಕೆ 700 ಎಕರೆ ಜಮೀನು, 25 ಲಕ್ಷ ರೂಪಾಯಿ ಕೊಟ್ಟಿತು. ಆ ಬೊಕ್ಕಸದಲ್ಲಿ ಶಿರಾ, ಪಾವಗಡದ ಒಣಬೇಸಾಯದವರ ಕಂದಾಯವೂ ಇತ್ತು. ಅದೇ ಕಂಪನಿಯ, ಅಂದರೆ ಇಂದಿನ ಎಚ್‌ಎಎಲ್‌ನ, ಹೆಲಿಕಾಪ್ಟರ್ ಕಾರ್ಖಾನೆ ನಮ್ಮ ತುಮಕೂರು ಜಿಲ್ಲೆಯಲ್ಲೇ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು.

ನನ್ನನ್ನು ತಡೆದು ನಿಲ್ಲಿಸಿದ್ದು ಪಕ್ಕದ ಚಳ್ಳಕೆರೆಯ ಕಡತ. ಅಲ್ಲಿನ ಅಮೃತ ಮಹಲ್ ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ ಮಂಜೂರಾಯಿತು; 2017ರಲ್ಲಿ ಡ್ರೋನುಗಳನ್ನು ಹಾರಿಸಿ ನೋಡುವ ಪರೀಕ್ಷಾ ವಲಯ ತೆರೆಯಿತು. ಕುರಿ ಮೇಯಿಸುವವರು, ಕಂಬಳಿ ನೇಯುವವರು ನಂಬಿದ್ದ ನೆಲ ಅದು. ವಿಷಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋಯಿತು.

ಗಡಿ ಕಾಯಲು ಆಯುಧ ಬೇಕು, ಒಪ್ಪುತ್ತೇನೆ. ಆದರೆ ಊರಿನ ನೆಲ, ಊರಿನ ಕಂದಾಯ ಅದಕ್ಕೆ ಹೋಗುವ ಮುನ್ನ ಊರನ್ನು ಕೇಳಲೇಬೇಕು. ನಿಮ್ಮ ಮನೆಯಲ್ಲಿ ಕಾವಲು, ಗೋಮಾಳಗಳ ಹಳೆಯ ಪಹಣಿ, ನಕಾಶೆ ಇದ್ದರೆ ಗೆದ್ದಲಿಗೆ ಬಿಡಬೇಡಿ. ಪ್ರತಿ ಮಾಡಿಸಿ ಗ್ರಾಮ ಪಂಚಾಯ್ತಿಗೆ ಕೊಡಿ, ಮುಂದಿನ ಗ್ರಾಮಸಭೆಯಲ್ಲಿ ಓದಿಸಿ.