ಅಲ್ಟ್ರಾ ಡಿಫ್ಯೂಸ್ ಗೆಲಾಕ್ಸಿ

‘ಅಲ್ಟ್ರಾ ಡಿಫ್ಯೂಸ್ ಗೆಲಾಕ್ಸಿ’ ಎಂಬ ಹೆಸರು ಬಳಕೆಗೆ ಬಂದದ್ದು 2015ರಲ್ಲಿ. ಖಗೋಳವಿಜ್ಞಾನಿ ಪೀಟರ್ ವ್ಯಾನ್ ಡೊಕ್ಕುಮ್ ಮತ್ತು ಸಂಗಡಿಗರು ಕ್ಯಾಮೆರಾದ ಟೆಲಿಫೋಟೊ ಮಸೂರಗಳನ್ನು ಜೋಡಿಸಿ ಕಟ್ಟಿದ ‘ಡ್ರ್ಯಾಗನ್‌ಫ್ಲೈ’ ದೂರದರ್ಶಕದಿಂದ ಕೋಮಾ ಗೆಲಾಕ್ಸಿ ಗುಚ್ಛದಲ್ಲಿ ಹರವು ದೊಡ್ಡದಿದ್ದರೂ ತೀರ ಮಸುಕಾದ 47 ಗೆಲಾಕ್ಸಿಗಳನ್ನು ಗುರುತಿಸಿದರು. ‘ಡಿಫ್ಯೂಸ್’ನ ಮೂಲ ಲ್ಯಾಟಿನ್; ಸುರಿದು ಹರಡಿದ್ದು ಎಂದರ್ಥ. ಕನ್ನಡದಲ್ಲಿ ‘ಅತಿವಿರಳ ಗೆಲಾಕ್ಸಿ’ ಎನ್ನಬಹುದು.

ಹೆಸರು ಹೇಳುವುದು ಒಟ್ಟು ಬೆಳಕನ್ನಲ್ಲ, ಮೇಲ್ಮೈ ಉಜ್ಜ್ವಲತೆಯನ್ನು. ಅಂದರೆ ಆಕಾಶದ ಒಂದು ಚದರ ಪಾಲಿನಿಂದ ಬರುವ ಬೆಳಕನ್ನು. ಇವುಗಳ ಹರವು ನಮ್ಮ ಆಕಾಶಗಂಗೆಯಷ್ಟೇ ಇರಬಹುದು, ನಕ್ಷತ್ರಗಳು ಮಾತ್ರ ನೂರರಲ್ಲೊಂದು ಪಾಲು ಅಥವಾ ಇನ್ನೂ ಕಡಿಮೆ. ಹಾಗಾಗಿ ಇವು ಇರುಳಿನ ಆಕಾಶದ ಸಹಜ ಹೊಳಪಿಗಿಂತಲೂ ಮಸುಕು.

ಗುಚ್ಛದ ಸೆಳೆತಕ್ಕೆ ಸಿಕ್ಕಿಯೂ ಇಷ್ಟು ತೆಳುವಾದ ರಾಶಿ ಚದುರದೆ ಉಳಿದಿರುವುದು ನಿಜಕ್ಕೂ ಅಚ್ಚರಿ. ಬೆಳಕು ಸೂಸದ ಡಾರ್ಕ್ ಮ್ಯಾಟರ್, ಅಂದರೆ ಕಪ್ಪುದ್ರವ್ಯ, ಹಿಡಿದಿಟ್ಟಿದೆ ಎಂಬುದು ಮೊದಲ ವಿವರಣೆ. ಖಗೋಳವಿಜ್ಞಾನಿ ಫ್ರಿಟ್ಸ್ ಜ್ವಿಕಿ 1933ರಲ್ಲಿ ಜರ್ಮನ್ ಭಾಷೆಯಲ್ಲಿ ಆ ಪದವನ್ನು ಬಳಸಿದ್ದೂ ಇದೇ ಕೋಮಾ ಗುಚ್ಛದ ಬಗ್ಗೆ. ‘ಡ್ರ್ಯಾಗನ್‌ಫ್ಲೈ 44’ ಎಂಬ ಅತಿವಿರಳ ಗೆಲಾಕ್ಸಿಯಲ್ಲಿ ಕಪ್ಪುದ್ರವ್ಯ ಹೇರಳವೆಂದು 2016ರ ಅಳತೆ ಸೂಚಿಸಿತು, ಮುಂದಿನ ಅಳತೆಗಳು ಆ ಅಂದಾಜನ್ನು ತಗ್ಗಿಸಿದವು. 2018ರಲ್ಲಿ ‘ಎನ್‌ಜಿಸಿ 1052-ಡಿಎಫ್2’ ಎಂಬ ಇನ್ನೊಂದರಲ್ಲಿ ಅದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ ಎಂಬ ವರದಿ ಬಂತು. ಆ ಲೆಕ್ಕಕ್ಕೆ ಆಧಾರವಾದ ಗೆಲಾಕ್ಸಿಯ ದೂರದ ಬಗ್ಗೆ ವಾದವೂ ಎದ್ದಿತು. ಹೀಗಾಗಿ ‘ಅತಿವಿರಳ ಗೆಲಾಕ್ಸಿ’ ಎಂಬ ಹೆಸರು ಸೂಚಿಸುವುದು ಗಾತ್ರ ಮತ್ತು ಮಸುಕನ್ನಷ್ಟೇ, ಕಪ್ಪುದ್ರವ್ಯದ ಪ್ರಮಾಣವನ್ನಲ್ಲ.